ವೆಬ್‌ಸೈಟ್ ಮಾಡಿಸ್ತಿದ್ರೆ ಮೊದ್ಲು ಡೊಮೇನ್ ಯಾರ ಹೆಸರಲ್ಲಿದೆ ನೋಡ್ಕೊಳ್ಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ಸುಮಾರು ಮನೆಗಳಲ್ಲಿ ಏನಾದ್ರೂ ಒಂದು ಆನ್‌ಲೈನ್ ಮಾರಾಟ ನಡೀತಿದೆ, ಹಲಸಿನ ಹಪ್ಪಳ, ಜೇನುತುಪ್ಪ, ಕಾಳುಮೆಣಸು, ಮುರುಗಲ ಸಿಪ್ಪೆ, ಜೋನಿ ಬೆಲ್ಲ, ಒಳ್ಳೇದೇ. ಅವರನ್ನೆಲ್ಲ ಹುಡುಕ್ಕೊಂಡು ವೆಬ್‌ಸೈಟ್ ಮಾಡ್ಕೊಡ್ತೀವಿ, ಗೂಗಲ್ ಫಸ್ಟ್ ಪೇಜಿಗೆ ತರ್ತೀವಿ ಅನ್ನೋರೂ ಬರ್ತಿದಾರೆ. ಅಂಥ ಒಂದು ಶಿವಮೊಗ್ಗದ ಆಫೀಸಿನೋರಿಂದ ನಮಗೆ ಏನಾಯ್ತು ಅಂತ ಬರೀತಿದೀನಿ. ಹೆಸರು ಹಾಕಲ್ಲ, ಇನ್‌ಬಾಕ್ಸಲ್ಲೂ ಕೇಳ್ಬೇಡಿ, ಈ ಧಂದೆ ಮಾಡೋರು ಎಲ್ಲಾ ಊರಲ್ಲೂ ಇದಾರೆ.

ನಮ್ದು ಅಪ್ಪೆಮಿಡಿ ಉಪ್ಪಿನಕಾಯಿ. ರಿಪ್ಪನ್‌ಪೇಟೆಯಿಂದ ಮಿಡಿ ತರೋದು, ಹೆಂಡತಿ ಮತ್ತೆ ಅತ್ತಿಗೆ ಸೇರಿ ಹಾಕೋದು, ವಾಟ್ಸಾಪಲ್ಲಿ ಆರ್ಡರ್ ತಗೊಂಡು ಬೆಂಗ್ಳೂರು ಮೈಸೂರು ತನಕ ಕೊರಿಯರ್ ಮಾಡೋದು. ಸೀಸನ್ನಲ್ಲಿ ಮೆಸೇಜ್ ನೋಡ್ಕೊಳ್ಳೋದೇ ಒಂದು ಕೆಲಸ ಆಗೋಯ್ತು ಅಂತ ವೆಬ್‌ಸೈಟ್ ಮಾಡ್ಸೋದು ಅಂತಾಯ್ತು. ಮಾತಾಗಿದ್ದು 35 ಸಾವಿರ, ಡೊಮೇನ್ (ಅಂದ್ರೆ ಸೈಟಿನ ಅಡ್ರೆಸ್ ಹೆಸರು), ಹೋಸ್ಟಿಂಗ್ (ಸೈಟ್ ಇಡೋ ಜಾಗ), ಪೇಮೆಂಟ್ ಗೇಟ್‌ವೇ (ಆನ್‌ಲೈನಲ್ಲಿ ದುಡ್ಡು ತಗೊಳ್ಳೋ ವ್ಯವಸ್ಥೆ) ಎಲ್ಲ ಸೇರಿ, ಎಲ್ಲ ನಮ್ಮ ಹೆಸರಲ್ಲೇ. ಆಮೇಲೆ ಪ್ರಮೋಷನ್ನಿಗೆ ಅಂತ ತಿಂಗಳಿಗೆ 6 ಸಾವಿರ.

ಸೈಟ್ ಬಂತು. ಮೊದಲ ಪೇಜಲ್ಲೇ ದೊಡ್ಡ ಫೋಟೋ, ಕೆಂಪು ಎಣ್ಣೇಲಿ ತೇಲ್ತಿರೋ ಹೆಚ್ಚಿದ ಮಾವಿನಕಾಯಿ ಹೋಳು! ಅಪ್ಪೆಮಿಡಿ ಅಂದ್ರೆ ತೊಟ್ಟು ಸಮೇತ ಉಪ್ಪಲ್ಲಿ ಮುರುಟಿದ ಇಡೀ ಮಿಡಿ ಮಾರಾಯ್ರೆ, ಅದರ ಸೊನೆ ಪರಿಮಳಕ್ಕೇ ಜನ ದುಡ್ಡು ಕೊಡೋದು. ಕೆಳಗೆ ಬರೆದಿದ್ದಂತೂ ಯಾವುದೋ ಆಂಧ್ರ ಆವಕಾಯಿ ಸೈಟಿಂದ ಎತ್ತಿದ್ದು, ಒಂದು ಕಡೆ ಹೆಸರು ಬದಲಾಯಿಸೋಕೂ ಮರೆತಿದ್ರು. ನಾವು ಕಳಿಸಿದ ಫೋಟೋ ಹಾಕಿ ಅಂದ್ರೆ ಹಾಕಿದ್ರು, ಆದ್ರೆ ಫೋನಲ್ಲಿ ತೆಗೆದದ್ದನ್ನ ಹಾಗಾಗೇ, ಒಂದೊಂದು 5 ಎಂಬಿ. ನಮ್ಮೂರಿನ ನೆಟ್‌ವರ್ಕ್ ಬಿಡಿ, ಬೆಂಗ್ಳೂರಲ್ಲಿ ಕೂತೋರಿಗೂ ಪೇಜ್ ಓಪನ್ ಆಗೋವಷ್ಟರಲ್ಲಿ ಬೇಜಾರಾಗಿ ಹೊರಗೆ ಹೋಗ್ತಿದ್ರು. ಮುಖ್ಯವಾದದ್ದು ಎರಡೂವರೆ ಸೆಕೆಂಡ್ ಒಳಗೆ ಕಾಣ್ಬೇಕು ಅಂತ ಗೂಗಲ್ಲೇ ಹೇಳತ್ತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಫ್ರೀ ಟೂಲ್ ಇದೆ, ಸೈಟ್ ಅಡ್ರೆಸ್ ಹಾಕಿದ್ರೆ ಎಲ್ಲಿ ನಿಧಾನ ಅಂತ ತೋರಿಸತ್ತೆ, ಇದನ್ನ ಅವರ ಬಾಯಿಂದ ಒಂದಿನಾನೂ ಕೇಳ್ಲಿಲ್ಲ.

ಇನ್ನು ಫಸ್ಟ್ ಪೇಜ್ ನಾಟಕ. ಆಫೀಸಿಗೆ ಕರೆಸಿ ದೊಡ್ಡ ಟಿವಿಲಿ ಗೂಗಲ್ ಓಪನ್ ಮಾಡಿ ನಮ್ಮ ಬ್ರ್ಯಾಂಡ್ ಹೆಸರು, ಮುಂದೆ ಊರ ಹೆಸರು ಟೈಪ್ ಮಾಡಿದ್ರು. ನಾವೇ ಫಸ್ಟು. ಆ ಹೆಸರಿನ ಅಂಗಡಿ ಪ್ರಪಂಚದಲ್ಲೇ ಒಂದು, ಇನ್ಯಾರು ಬರ್ಬೇಕು ಹೇಳಿ? ನಮ್ಮ ಹೆಸರು ಗೊತ್ತಿರೋನು ಹೆಂಗಿದ್ರೂ ಬರ್ತಾನೆ, ಗೊತ್ತಿಲ್ದೋನು ಬರ್ಬೇಕು ಅಂತಾನೇ ತಾನೆ ದುಡ್ಡು ಕೊಡೋದು. ಬೆಂಗ್ಳೂರಲ್ಲಿರೋ ಭಾವನ ಮಗನ ಹತ್ರ ಅವನ ಫೋನಲ್ಲಿ ಹುಡುಕಿಸಿದೆ, ಅಪ್ಪೆಮಿಡಿ ಅಂತ ಸೇರಿಸಿ, ಅಪ್ಪೆ ಮಿಡಿ ಅಂತ ಬಿಡಿಸಿ, ಮಿಡಿ ಉಪ್ಪಿನಕಾಯಿ ಆನ್‌ಲೈನ್ ಅಂತ, ಎಲ್ಲೂ ನಾವಿಲ್ಲ. ಇರೋದಾದ್ರೂ ಹೆಂಗೆ, ಆ ಪದಗಳೇ ನಮ್ಮ ಸೈಟಲ್ಲಿ ಸರಿಯಾಗಿ ಇರ್ಲಿಲ್ಲ. ಮೊದಲ ಸ್ಥಾನ ಗ್ಯಾರಂಟಿ ಕೊಡೋಕೆ ಯಾರಿಂದ್ಲೂ ಆಗಲ್ಲ ಅಂತ ಗೂಗಲ್‌ನೋರೇ ಬರೆದಿಟ್ಟಿದಾರೆ, ಗ್ಯಾರಂಟಿ ಅಂದೋನ ಹತ್ರ ಟೀ ಕುಡಿದು ಎದ್ದು ಬನ್ನಿ.

ತಿಂಗಳು ತಿಂಗಳು ರಿಪೋರ್ಟ್ ಬರ್ತಿತ್ತು, ಬಣ್ಣಬಣ್ಣದ ಗ್ರಾಫು, ವಿಸಿಟರ್ಸ್ ಏರ್ತಾನೇ ಇರೋರು, ಆರ್ಡರ್ ಮಾತ್ರ ವಾಟ್ಸಾಪಲ್ಲಿ ಮೊದಲಿದ್ದಷ್ಟೇ. ಗೂಗಲ್‌ನ ಸರ್ಚ್ ಕನ್ಸೋಲ್ ಲಾಗಿನ್ ಕೊಡಿ, ನಾವೇ ನೋಡ್ಕೋತೀವಿ ಅಂದ್ರೆ ಅದು ಟೆಕ್ನಿಕಲ್ ಸಾರ್ ನಿಮಗೆ ಅರ್ಥ ಆಗಲ್ಲ ಅಂದ್ರು. ಯಾವ ಪದ ಹುಡುಕಿದಾಗ ನಮ್ಮ ಸೈಟ್ ಕಂಡಿದೆ, ಎಷ್ಟು ಜನ ಒತ್ತಿದಾರೆ ಅಂತ ಲೆಕ್ಕ ಕೊಡೋ ಪುಕ್ಕಟೆ ಜಾಗ ಅದು, ಅಂಗಡಿ ಲೆಕ್ಕ ನೋಡೋಕೆ ಬರೋ ಯಾರಿಗಾದ್ರೂ ಅರ್ಥ ಆಗತ್ತೆ.

ಆಮೇಲೆ ಒಂದಿನ ಭಾವನ ಮಗನೇ ಸ್ಕ್ರೀನ್‌ಶಾಟ್ ಕಳಿಸ್ದ, ಗೂಗಲ್ಲಲ್ಲಿ ನಮ್ಮ ಸೈಟ್ ಹೆಸರಿನ ಕೆಳಗೆ ಪೂರ್ತಿ ಜಪಾನಿ ಅಕ್ಷರ! ಉಪ್ಪಿನಕಾಯಿ ಸೈಟಲ್ಲಿ ನಕಲಿ ಬ್ರ್ಯಾಂಡ್ ಬ್ಯಾಗು ಮಾರೋ ನೂರಾರು ಪೇಜು. ಸೈಟ್ ಓಪನ್ ಮಾಡಿದ್ರೆ ಏನೂ ಕಾಣಲ್ಲ, ಗೂಗಲ್ಲಿಗೆ ಮಾತ್ರ ಕಾಣೋ ಹಾಗೆ ಇಟ್ಟಿರ್ತಾರೆ. ಇದು ತುಂಬಾ ಸೈಟುಗಳಿಗೆ ಆಗಿರೋ ಹ್ಯಾಕಂತೆ. ಆಮೇಲೆ ಬೇರೆಯೋರು ತೆಗೆದು ನೋಡಿದಾಗ ದುಡ್ಡು ಕೊಟ್ಟು ತಗೋಬೇಕಾದ ವರ್ಡ್‌ಪ್ರೆಸ್ ಥೀಮಿನ (ಸೈಟಿನ ರೆಡಿಮೇಡ್ ವಿನ್ಯಾಸ) ಕದ್ದ ಕಾಪಿ ಹಾಕಿದ್ರು ಅಂತ ಗೊತ್ತಾಯ್ತು, ಅಂಥ ಕಾಪಿಯೊಳಗೆ ಎಷ್ಟೋ ಸಲ ಹ್ಯಾಕರ್‌ಗಳು ಒಳಗೆ ನುಗ್ಗೋಕೆ ಹಿಂಬಾಗಿಲು ಇಟ್ಟೇ ಹಂಚಿರ್ತಾರೆ. ನೀವೂ ಗೂಗಲ್ಲಲ್ಲಿ ಸೈಟ್ ಅಂತ ಇಂಗ್ಲಿಷಲ್ಲಿ ಹಾಕಿ ಕೋಲನ್ ಚುಕ್ಕಿ ಇಟ್ಟು, ಜಾಗ ಬಿಡದೆ ನಿಮ್ಮ ಡೊಮೇನ್ ಹೆಸರು ಟೈಪ್ ಮಾಡಿ ನೋಡಿ, ನೀವು ಮಾಡದಿರೋ ಪೇಜುಗಳಿದ್ರೆ ಅಲ್ಲೇ ಕಾಣ್ಸತ್ತೆ.

ಸಾಕು ಅಂತ ತಿಂಗಳ ದುಡ್ಡು ನಿಲ್ಲಿಸ್ತೀವಿ ಅಂದ್ವಿ ನೋಡಿ, ಅಲ್ಲಿಂದ ನಿಜವಾದ ಬಣ್ಣ. ಯುಗಾದಿ ಕಳೆದು ಹೊಸ ಮಿಡಿ ಆರ್ಡರ್ ಬರೋ ಹೊತ್ತಿಗೇ ಸರಿಯಾಗಿ ಸೈಟ್ ಬಂದ್. ಫೋನ್ ಎತ್ತಲ್ಲ. ಆಫೀಸಿಗೆ ಹೋದ್ರೆ ಡೊಮೇನ್ ನಮ್ಮ ಕಂಪನಿ ಪ್ರಾಪರ್ಟಿ ಸಾರ್, ಟ್ರಾನ್ಸ್‌ಫರ್ ಚಾರ್ಜ್ 40 ಸಾವಿರ ಆಗತ್ತೆ ಅಂತಾರೆ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಲ್ಲಿ ಸಿಗೋ ಹೆಸರಿಗೆ! ನಮ್ಮ ದುಡ್ಡಲ್ಲಿ ಮನೆ ಕಟ್ಟಿ ಪಹಣಿ ಮೇಸ್ತ್ರಿ ಹೆಸರಿಗೆ ಮಾಡ್ಕೊಂಡ ಹಾಗಾಯ್ತು ಇದು. ಬಾಟಲಿ ಲೇಬಲ್ಲು, ಕೊರಿಯರ್ ಬಾಕ್ಸು, ವಿಸಿಟಿಂಗ್ ಕಾರ್ಡು ಎಲ್ಲದರ ಮೇಲೂ ಅದೇ ಅಡ್ರೆಸ್ ಪ್ರಿಂಟಾಗಿದೆ, ಅದು ಅವರಿಗೂ ಗೊತ್ತು, ಅದಕ್ಕೇ ಆ ರೇಟು.

ಕೇಳಿ ವಿಚಾರಿಸಿದ್ದು ಹೇಳ್ತೀನಿ. ಡಾಟ್ ಇನ್ ಅಂತ ಮುಗಿಯೋ ಹೆಸರುಗಳ ರಿಜಿಸ್ಟ್ರಿ, ಅಂದ್ರೆ ಮೂಲ ದಾಖಲೆ, ನಡೆಸೋದು ನಿಕ್ಸಿ ಅನ್ನೋ ಸಂಸ್ಥೆ, ಜಗಳ ತೀರ್ಸೋಕೆ ಅವರಲ್ಲಿ ಒಂದು ಪಂಚಾಯ್ತಿ ವ್ಯವಸ್ಥೆ ಇದೆ, ಆದ್ರೆ ಅಲ್ಲಿ ಆ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಥರದ ಹಕ್ಕು ನಿಮಗಿದೆ ಅಂತ ತೋರಿಸ್ಬೇಕು, ನಮ್ಮಂಥ ಮನೆ ಉದ್ಯೋಗದೋರ ಹತ್ರ ಅದೆಲ್ಲಿರತ್ತೆ. ಗ್ರಾಹಕ ಆಯೋಗದಲ್ಲಿ ವ್ಯಾಪಾರಕ್ಕೆ ತಗೊಂಡ ಸೇವೆ ಅಂತ ತಳ್ಳಿಹಾಕೋ ಭಯ ಇತ್ತು, ಆದ್ರೆ 2019ರ ಕಾಯ್ದೆಲಿ ಜೀವನೋಪಾಯಕ್ಕೆ ಸ್ವಂತ ಉದ್ಯೋಗ ಮಾಡೋರಿಗೆ ವಿನಾಯ್ತಿ ಇದೆ ಅಂತ ವಕೀಲರು ಹೇಳಿದ್ರು, ದೂರು ರೆಡಿ ಮಾಡ್ತಿದೀವಿ. ಮೊದ್ಲು ಮಾತಾಡ್ಬೇಕು ಅಂದ್ರೆ ಗ್ರಾಹಕ ಸಹಾಯವಾಣಿ 1915 ಇದೆ. ಗೂಗಲ್ ಮ್ಯಾಪಲ್ಲಿರೋ ನಮ್ಮ ಬಿಸಿನೆಸ್ ಪ್ರೊಫೈಲಿಗೂ ಅವರೇ ಓನರ್ ಆಗಿ ಕೂತಿದ್ರು, ಅದನ್ನ ಮಾತ್ರ ರಿಕ್ವೆಸ್ಟ್ ಆಕ್ಸೆಸ್ ಅಂತ ಹಾಕಿ ವಾಪಸ್ ತಗೊಂಡ್ವಿ. ಅದು ಫ್ರೀ, ಅದಕ್ಕೆ ಗೂಗಲ್ ಕಡೆಯಿಂದ ಫೀಸ್ ಇದೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಸುಳ್ಳು.

ಈಗ ಹೊಸ ಹೆಸರು, ನಮ್ಮ ಇಮೇಲಲ್ಲಿ, ನಮ್ಮ ಕಾರ್ಡಲ್ಲಿ ತಗೊಂಡಿದ್ದು. ಪರಿಚಯದ ಹುಡುಗಿ ಒಬ್ಳು ಸಣ್ಣ ಸೈಟ್ ಮಾಡ್ಕೊಟ್ಲು. ಫೋಟೋ ಎಲ್ಲ ಕುಗ್ಗಿಸಿ ಹಾಕಿದಾಳೆ, ಮಿಡಿ ಯಾವ ಕಡೇದು, ಎಣ್ಣೆ ಇದೆಯಾ ಇಲ್ವಾ, ಎಷ್ಟು ದಿನ ಇಡಬಹುದು, ಕೊರಿಯರ್ ಚಾರ್ಜ್ ಎಷ್ಟು, ಬಾಟಲಿ ಒಡೆದ್ರೆ ಏನು, ಜನ ವಾಟ್ಸಾಪಲ್ಲಿ ಕೇಳ್ತಿದ್ದ ಪ್ರಶ್ನೆಗಳನ್ನೇ ಎತ್ತಿ ಉತ್ತರ ಬರೆದಿದೀವಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಕಾಣೋ ಹಾಗಿದೆ. ಮೊನ್ನೆ ಹುಬ್ಬಳ್ಳಿಯೋರು ಒಬ್ರು, ನಮ್ಮ ಪರಿಚಯವೇ ಇಲ್ದೋರು, ಎಣ್ಣೆ ಹಾಕದ ಮಿಡಿ ಉಪ್ಪಿನಕಾಯಿ ಅಂತ ಹುಡುಕಿ ಬಂದು ಆರ್ಡರ್ ಮಾಡಿದ್ರು.

ಸೈಟ್ ಆಗಲೇ ಬೇರೆಯೋರ ಕೈಲಿ ಮಾಡ್ಸಿರೋರು ಇವತ್ತೇ ಆನ್‌ಲೈನಲ್ಲಿ ಹೂ ಈಸ್ (WHOIS, ಡೊಮೇನ್ ವಿವರ ತೋರಿಸೋ ಹುಡುಕಾಟ) ಅಂತ ಇರೋ ಕಡೆ ನಿಮ್ಮ ಡೊಮೇನ್ ಹಾಕಿ ನೋಡಿ. ಮಾಲೀಕರ ಹೆಸರು ಮುಚ್ಚಿಟ್ಟಿದ್ರೂ ಯಾವ ರಿಜಿಸ್ಟ್ರಾರ್ (ಡೊಮೇನ್ ಮಾರಿದ ಕಂಪನಿ), ಯಾವತ್ತು ಮುಗಿಯತ್ತೆ ಅಂತ ಗೊತ್ತಾಗತ್ತೆ. ಆ ರಿಜಿಸ್ಟ್ರಾರ್ ಲಾಗಿನ್ ನಿಮ್ಮ ಹತ್ರ ಇಲ್ಲ ಅಂದ್ರೆ ಮುಗಿಯೋ ತಾರೀಕಿನವರೆಗೆ ಕಾಯ್ಬೇಡಿ, ಸಂಬಂಧ ಚೆನ್ನಾಗಿರೋವಾಗಲೇ, ತಿಂಗಳ ದುಡ್ಡು ಇನ್ನೂ ಹೋಗ್ತಿರೋವಾಗಲೇ ಡೊಮೇನನ್ನ ನಿಮ್ಮ ಖಾತೆಗೆ ತರೋಕೆ ಬೇಕಾದ ಟ್ರಾನ್ಸ್‌ಫರ್ ಕೋಡ್ ಕೇಳಿ, ಬಾಯಲ್ಲಲ್ಲ, ವಾಟ್ಸಾಪಲ್ಲೋ ಇಮೇಲಲ್ಲೋ ಬರೆದು ಕೇಳಿ.