ಮೆಲುಕು ಹಾಕುವ ಕರುವಿಗೆ ಮಾತ್ರೆ ಬೇಡ, ಇಂಜೆಕ್ಷನ್ನೇ ಸರಿ

ಮೆಲುಕು ಹಾಕಲು ಕಲಿತ ಕರುವಿಗೆ ಬಾಯಿಂದ ಆ್ಯಂಟಿಬಯೋಟಿಕ್ ಕೊಡುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ದುಬಾರಿಯಾದರೂ ಇಂಜೆಕ್ಷನ್ನೇ ಸರಿ.

ಕಳೆದ ಆಷಾಢದ ಮಳೆಯಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ಕೊಟ್ಟಿಗೆಯಲ್ಲಿ ಎರಡು ಕರುಗಳು ಒಂದೇ ವಾರ ಕಾಯಿಲೆ ಬಿದ್ದವು. 12 ದಿನದ ಜರ್ಸಿ ಮಿಶ್ರತಳಿಗೆ ಜ್ವರ, ಭೇದಿ. 5 ತಿಂಗಳ ಮಲೆನಾಡು ಗಿಡ್ಡ ತಳಿಯ ಕರುವಿಗೆ ಕೆಮ್ಮು, ಏದುಸಿರು. ಎಳೆಗರುವಿಗೆ ವೈದ್ಯರು ಸಲ್ಫಾ–ಟ್ರೈಮೆಥೋಪ್ರಿಮ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಬರೆದರು. ಅರೆದು ನಿಪ್ಪಲ್ ಬಾಟಲಿಯಲ್ಲಿ ಚೀಪಿಸಿದೆವು. ಮೂರನೆಯ ದಿನ ಬಾಲವೆತ್ತಿ ಕುಣಿಯಿತು.

ಅದನ್ನು ಕಂಡು, ವೈದ್ಯರನ್ನು ಕೇಳದೆ, ಅದೇ ಮಾತ್ರೆಯನ್ನು ತೂಕದ ಲೆಕ್ಕದಲ್ಲಿ ಹೆಚ್ಚಿಸಿ ದೊಡ್ಡದಕ್ಕೂ ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಕುಡಿಸಿದೆ. ತಪ್ಪು ನನ್ನದೇ.

ಎರಡು ದಿನವಾದರೂ ಜ್ವರ ಇಳಿಯಲಿಲ್ಲ. ಮೆಲುಕು ನಿಂತಿತು, ಕಲಗಚ್ಚಿಗೆ ಮೂತಿ ತಾಗಿಸಲಿಲ್ಲ. ಆರೋಗ್ಯವಾಗಿದ್ದರೆ ಎಡ ಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಹಿಡಿದಾಗ ನಿಮಿಷಕ್ಕೊಂದೆರಡು ಬಾರಿ ಹೊಟ್ಟೆ ಹೊರಳುವುದು ಕೈಗೆ ತಿಳಿಯುತ್ತದೆ. ಅಂದು ಎಷ್ಟು ಹೊತ್ತು ಹಿಡಿದರೂ ಏನೂ ತಿಳಿಯಲಿಲ್ಲ.

ವೈದ್ಯರು ಬಂದು ಬಿಡಿಸಿ ಹೇಳಿದರು. ದನದ ಹೊಟ್ಟೆಯಲ್ಲಿ ನಾಲ್ಕು ಭಾಗ. ಎಳೆಗರು ಚೀಪುವಾಗ ಅನ್ನನಾಳದ ತುದಿಯ ಮಡಿಕೆ ಕೊಳವೆಯಂತೆ ಮುಚ್ಚಿಕೊಳ್ಳುತ್ತದೆ. ಹಾಲೂ ಮದ್ದೂ ಮೊದಲ ಹೊಟ್ಟೆಗೆ ಬೀಳದೆ ನೇರವಾಗಿ ನಾಲ್ಕನೆಯದಕ್ಕೆ ಇಳಿದು, ಮುಂದೆ ಕರುಳಿನಿಂದ ರಕ್ತ ಸೇರುತ್ತದೆ. ಹುಲ್ಲು ತಿಂದು ಮೊದಲ ಹೊಟ್ಟೆ ಬಲಿತ ಮೇಲೆ ಬಾಯಿಂದ ಕೊಟ್ಟದ್ದು ಅಲ್ಲಿಗೇ ಬೀಳುತ್ತದೆ. ಟ್ರೈಮೆಥೋಪ್ರಿಮ್ ಅಲ್ಲಿಯೇ ಕೆಟ್ಟುಹೋಗಿ ರಕ್ತಕ್ಕೆ ಸಿಗುವುದೇ ಇಲ್ಲ. ಮೇಲಾಗಿ, ಹುಲ್ಲು ಅರಗಿಸಿಕೊಡುವ ಸೂಕ್ಷ್ಮಜೀವಿಗಳು ಮದ್ದಿಗೆ ಸಾಯುತ್ತವೆ. ನಾನು ರೋಗವನ್ನು ಬಿಟ್ಟು ಕರುವಿನ ಹೊಟ್ಟೆಯನ್ನೇ ಹೊಡೆದಿದ್ದೆ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಪುಡಿಯನ್ನಂತೂ ಎಳೆಗರುವಿಗೂ ಹಾಲಿನಲ್ಲಿ ಬೆರೆಸಬಾರದು, ಹಾಲಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ.

ಇಂಜೆಕ್ಷನ್‌ಗೆ ಹೊಟ್ಟೆಯ ಹಂಗಿಲ್ಲ. ಆದರೆ ವಯಸ್ಸಿನ ಲೆಕ್ಕ ಅಲ್ಲಿಯೂ ತಪ್ಪದು: ಹುಟ್ಟಿ ಕೆಲವೇ ದಿನವಾದ ಕರುವಿನ ಮೂತ್ರಪಿಂಡ, ಯಕೃತ್ತು ಬಲಿತಿರುವುದಿಲ್ಲ, ಮದ್ದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರೇ ಹೇಳಬೇಕು. ಗಿಡ್ಡಕ್ಕೆ ವೈದ್ಯರು ಮೂರು ದಿನ ಇಂಜೆಕ್ಷನ್ ಕೊಟ್ಟರು; ಚುಚ್ಚಿದ ಕುತ್ತಿಗೆಯಲ್ಲಿ ಎರಡು ದಿನ ಊತವಿತ್ತು.

ಮಾತ್ರೆಗೆ ಖರ್ಚಾದದ್ದು 120 ರೂಪಾಯಿ. ಮೂರು ದಿನದ ಇಂಜೆಕ್ಷನ್, ವೈದ್ಯರ ಓಡಾಟ ಸೇರಿ 900. ಅಡಿಕೆ ಕೊಯ್ಲಿಗೆ ಮೊದಲು ಕೈ ಬರಿದಾಗಿರುವ ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ. ಹಾಗಾಗಿ ಹಾಲು ಕುಡಿಯುವ ಎಳೆಗರುವಿಗೆ ವೈದ್ಯರು ಮಾತ್ರೆ ಬರೆದರೆ ಈಗಲೂ ಅದನ್ನೇ ಚೀಪಿಸುತ್ತೇನೆ. ಮೆಲುಕು ಶುರುವಾದ ಕರುವಿಗೆ ಮಾತ್ರ 900 ರೂಪಾಯಿಯನ್ನು ಬೇರೆ ಎತ್ತಿಡುತ್ತೇನೆ.

ಗಿಡ್ಡ ಐದನೆಯ ದಿನ ಎದ್ದು, ಕಲಗಚ್ಚಿನ ಬಾನಿಯ ತಳವನ್ನು ನೆಕ್ಕಿತು.