ಹೊಸ ಕ್ರೆಟಾ: ಅಡಾಸ್‌ನಲ್ಲಿ ಯಾವುದು ಆನ್ ಇರಲಿ, ಯಾವುದು ಬೇಡ

ಗುಂಡಿ ತಪ್ಪಿಸೋಣ ಎಂದು ಸ್ಟಿಯರಿಂಗನ್ನು ತುಸು ಬಲಕ್ಕೆ ತಿರುಗಿಸುತ್ತೀರಿ. ಕಾರು ಅದನ್ನು ಎಡಕ್ಕೆ ಎಳೆಯುತ್ತದೆ. ಜೋರಾಗೇನೂ ಅಲ್ಲ, ಮಗು ಪಂಚೆಯ ತುದಿ ಹಿಡಿದು ಜಗ್ಗಿದಷ್ಟು. ಆದರೆ ಗಂಟೆಗೆ 70 ಕಿ.ಮೀ. ವೇಗದಲ್ಲಿ, ಎದುರಿಗೆ ಬಾಯ್ತೆರೆದ ಗುಂಡಿ ಇರುವಾಗ, ಅಷ್ಟೇ ಜಗ್ಗಾಟ ಎದೆ ಝಲ್ಲೆನಿಸಲು ಸಾಕು. ಹೊಸ ಕ್ರೆಟಾವನ್ನು ಷೋರೂಮ್‌ನಿಂದ ಮನೆಗೆ ತಂದ ಮೊದಲ ವಾರ ಹೆಚ್ಚಿನವರಿಗೆ ಆಗುವ ಗಾಬರಿ ಇದೇ. ಎಂಜಿನ್, ಸ್ಕ್ರೀನ್, ಸನ್‌ರೂಫ್ ಬಗ್ಗೆ ಎಲ್ಲರೂ ಈಗಾಗಲೇ ಬೇಕಾದಷ್ಟು ನೋಡಿದ್ದೀರಿ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅಡಾಸ್‌ಗೇ, ಅಂದರೆ ಕ್ಯಾಮೆರಾ, ರೇಡಾರ್‌ಗಳಿಂದ ರಸ್ತೆ ನೋಡಿ ಚಾಲಕನಿಗೆ ನೆರವಾಗುವ ವ್ಯವಸ್ಥೆಗೇ ಮೀಸಲು. ಕಾರು ಎಸ್‌ಎಕ್ಸ್ (ಒ) ಡೀಸೆಲ್ ಆಟೋಮ್ಯಾಟಿಕ್.

ಹ್ಯುಂಡೈ 2024ರ ಜನವರಿ 16ರಂದು ಈ ಹೊಸ ರೂಪದ ಕ್ರೆಟಾ ಬಿಟ್ಟಾಗ ಲೆವೆಲ್ 2 ಅಡಾಸ್‌ನಲ್ಲಿ (ಸ್ಟಿಯರಿಂಗ್, ವೇಗ ಎರಡಕ್ಕೂ ಕಾರು ನೆರವಾದರೂ ಜವಾಬ್ದಾರಿ ಚಾಲಕನದೇ ಆದ ಹಂತ) 19 ಸೌಲಭ್ಯಗಳಿವೆ ಎಂದು ಹೇಳಿತ್ತು. ಇವೆಲ್ಲ ಕೆಲಸ ಮಾಡುವುದು ಮೂರು ಕಡೆಯ ಕಣ್ಣುಗಳಿಂದ: ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ ಕೂತಿರುವ ಕ್ಯಾಮೆರಾ, ಮುಂದಿನ ಬಂಪರ್‌ನ ರೇಡಾರ್, ಮತ್ತು ಹಿಂದಿನ ಬಂಪರ್‌ನ ಎರಡೂ ಮೂಲೆಗಳಲ್ಲಿ ಒಳಗಡೆ ಅಡಗಿರುವ ರೇಡಾರ್‌ಗಳು. ಯಾವ ಸೌಲಭ್ಯ ಯಾವ ಕಣ್ಣನ್ನು ನಂಬಿದೆ ಎಂದು ತಿಳಿದುಕೊಂಡರೆ, ನಮ್ಮ ರಸ್ತೆಯಲ್ಲಿ ಯಾವುದು ಎಡವುತ್ತದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಸ್ಟಿಯರಿಂಗ್ ಜಗ್ಗುವ ಲೇನ್ ಕೀಪಿಂಗ್ ಅಸಿಸ್ಟ್ ಪೂರ್ತಿ ಕ್ಯಾಮೆರಾದ ಮೇಲೆ ನಿಂತಿದೆ. ಸುಮಾರು 60 ಕಿ.ಮೀ. ವೇಗ ದಾಟಿ, ರಸ್ತೆಯ ಗೆರೆ ಸ್ಪಷ್ಟವಾಗಿ ಕಂಡರೆ ಎಚ್ಚರಗೊಳ್ಳುತ್ತದೆ. ಇಂಡಿಕೇಟರ್ ಹಾಕದೆ ಗೆರೆಯ ಹತ್ತಿರ ಹೋದರೆ ಚಾಲಕ ತೂಕಡಿಸಿದ್ದಾನೆ ಎಂದು ತಿಳಿದು ಸ್ಟಿಯರಿಂಗ್ ತಿರುಗಿಸುತ್ತದೆ. ಗುಂಡಿ ತಪ್ಪಿಸುವವನಿಗೂ ತೂಕಡಿಸುವವನಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ರಸ್ತೆ ಕೆಲಸ ನಡೆಯುವ ಕಡೆ ಹಳೇ ಬಿಳಿ ಗೆರೆ ಪೂರ್ತಿ ಅಳಿಸದೆ ಪಕ್ಕದಲ್ಲೇ ಹೊಸ ಗೆರೆ ಎಳೆದಿರುತ್ತಾರಲ್ಲ, ಅಲ್ಲಿ ಯಾವುದನ್ನು ನಂಬಬೇಕೆಂದು ಅದಕ್ಕೆ ಗೊಂದಲ. ಮಳೆಗಾಲದ ರಾತ್ರಿ ಒದ್ದೆ ಡಾಂಬರಿನ ಮೇಲೆ ಲಾರಿಗಳ ಬೆಳಕು ಬಿದ್ದು ಹೊಳೆಯುವಾಗ ಗೆರೆಯೇ ಕಾಣದೆ ಸುಮ್ಮನಾಗುತ್ತದೆ. ಹೀಗೆ ಸುಮ್ಮನಾಗುವಾಗ ಗಟ್ಟಿ ಶಬ್ದವೇನೂ ಬರುವುದಿಲ್ಲ, ಮೀಟರ್‌ನಲ್ಲಿ ಹಸಿರಾಗಿದ್ದ ಲೇನ್ ಗುರುತು ಬೂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೆ. ಆ ಗುರುತಿನ ಮೇಲೆ ಆಗಾಗ ಕಣ್ಣು ಹಾಯಿಸುವ ಅಭ್ಯಾಸ ಬೇಕು.

ಇದಕ್ಕೆ ಪರಿಹಾರ ಸುಲಭ. ಕಾರು ನಿಲ್ಲಿಸಿ, ಸ್ಕ್ರೀನ್‌ನಲ್ಲಿ ವೆಹಿಕಲ್ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿಂದ ಡ್ರೈವರ್ ಅಸಿಸ್ಟೆನ್ಸ್, ಅದರಲ್ಲಿ ಲೇನ್ ಸೇಫ್ಟಿ ತೆರೆಯಿರಿ. ಮೂರು ಆಯ್ಕೆಗಳಿವೆ: ಅಸಿಸ್ಟ್, ವಾರ್ನಿಂಗ್ ಓನ್ಲಿ, ಆಫ್. ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆಗಳಲ್ಲಿ ಹೆಚ್ಚು ಓಡಿಸುವವರು ಕಣ್ಣುಮುಚ್ಚಿ ವಾರ್ನಿಂಗ್ ಓನ್ಲಿ ಇಡಿ. ಎಚ್ಚರಿಕೆ ಕೊಡುತ್ತದೆ, ಸ್ಟಿಯರಿಂಗ್ ಮುಟ್ಟುವುದಿಲ್ಲ. ವಾರ್ನಿಂಗ್ ವಾಲ್ಯೂಮ್ ಮಧ್ಯದಲ್ಲಿರಲಿ. ಈ ಎರಡು ಬದಲಾವಣೆಯಿಂದಲೇ ಕಾರಿನೊಳಗಿನ ಅರ್ಧಕ್ಕರ್ಧ ಗಲಾಟೆ ನಿಲ್ಲುತ್ತದೆ.

ಫಾರ್ವರ್ಡ್ ಸೇಫ್ಟಿಯನ್ನು ಮಾತ್ರ ಆಫ್ ಮಾಡಬೇಡಿ. ಇದು ಮುಂದಿನ ವಾಹನ, ಪಾದಚಾರಿ, ಸೈಕಲ್ ಸವಾರರನ್ನು ಗುರುತಿಸಿ ಮೊದಲು ಎಚ್ಚರಿಸುತ್ತದೆ, ಆಮೇಲೂ ನಾವು ಬ್ರೇಕ್ ಒತ್ತದಿದ್ದರೆ ತಾನೇ ಒತ್ತುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸ್ಕೂಟರ್‌ನವರು ಬಂಪರ್‌ಗೆ ಉಜ್ಜಿಕೊಂಡಂತೆ ಅಡ್ಡ ನುಗ್ಗಿದಾಗ ಕೆಂಪು ಎಚ್ಚರಿಕೆ ಬರುತ್ತದೆ, ಕೆಲವೊಮ್ಮೆ ಬ್ರೇಕೂ ಬೀಳುತ್ತದೆ. ಹಿಂದೆ ಬರುವವನು ಅಂಟಿಕೊಂಡು ಬರುತ್ತಿದ್ದರೆ ಅದು ಅಪಾಯವೇ. ಆದರೂ ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿ ಬರುವ ಆ ಒಂದು ಕ್ಷಣಕ್ಕಾಗಿ ಇದು ಆನ್ ಇರಲೇಬೇಕು. ಇದಕ್ಕೆ ದನ, ನಾಯಿ, ಹಂದಿ ಕಾಣುತ್ತವೆ ಎಂದು ಮಾತ್ರ ನಂಬಬೇಡಿ. ವ್ಯವಸ್ಥೆಗೆ ಕಲಿಸಿರುವುದು ವಾಹನ, ಮನುಷ್ಯ ಮತ್ತು ಸೈಕಲ್‌ನ ಆಕಾರಗಳನ್ನು. ಸಂಜೆಗತ್ತಲಲ್ಲಿ ಹೆದ್ದಾರಿಯ ನಡುವೆ ಮಲಗಿದ ಕರಿ ಎಮ್ಮೆಗೆ ನಿಮ್ಮ ಕಣ್ಣೇ ಗತಿ.

ನಾವು ಇಟ್ಟ ವೇಗವನ್ನು ಕಾರೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್‌ನ ಕಥೆ ರಸ್ತೆಯಿಂದ ರಸ್ತೆಗೆ ಬದಲಾಗುತ್ತದೆ. ಮುಂದಿನ ಗಾಡಿಯ ದೂರಕ್ಕೆ ನಾಲ್ಕು ಹಂತಗಳಿವೆ. ಊರೊಳಗೆ ಅತಿ ಕಡಿಮೆ ದೂರ ಇಟ್ಟರೂ ಆ ಜಾಗಕ್ಕೆ ಒಂದು ಆಟೋ ನುಗ್ಗುತ್ತದೆ, ಕಾರು ಬ್ರೇಕ್ ಹಾಕುತ್ತದೆ, ಮತ್ತೆ ಜಾಗ ಆಗುತ್ತದೆ, ಇನ್ನೊಂದು ನುಗ್ಗುತ್ತದೆ. ಹಿಂದೆ ಕೂತವರಿಗೆ ಹೊಟ್ಟೆ ತೊಳಸುವುದೊಂದೇ ಲಾಭ. ಅದೇ ಕಾರನ್ನು ಬೆಂಗಳೂರು–ಮೈಸೂರು ಹೆದ್ದಾರಿಗೆ ತಂದರೆ ಬೇರೆಯದೇ ಅನುಭವ. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಗೆರೆಗಳು ನೆಟ್ಟಗಿವೆ. ವೇಗದ ಮಿತಿ 100, ಕ್ಯಾಮೆರಾಗಳು ನೋಡುತ್ತಿರುತ್ತವೆ. ವೇಗ 95ಕ್ಕೆ, ದೂರ ಮೂರನೇ ಹಂತಕ್ಕೆ ಇಟ್ಟು ಬಿಟ್ಟರೆ ಲೇನ್ ಫಾಲೋಯಿಂಗ್ ಕಾರನ್ನು ಗೆರೆಗಳ ನಡುವೆ ಹಿಡಿದುಕೊಂಡು ಹೋಗುತ್ತದೆ, ಬಲಗಾಲಿಗೆ ಕೆಲಸವೇ ಇಲ್ಲ. ಕೈ ಮಾತ್ರ ಸ್ಟಿಯರಿಂಗ್ ಮೇಲಿರಬೇಕು. ಸುಮ್ಮನೆ ಮುಟ್ಟಿಕೊಂಡಿದ್ದರೆ ಸಾಲದು. ಕಾರು ಅಳೆಯುವುದು ಬೆರಳಿನ ಸ್ಪರ್ಶವನ್ನಲ್ಲ, ಸ್ಟಿಯರಿಂಗ್ ಮೇಲೆ ಬೀಳುವ ಸಣ್ಣ ತಿರುಚುವ ಬಲವನ್ನು. ಒಂದು ಕೈಯ ಭಾರ ಒಂದು ಪಕ್ಕಕ್ಕೆ ಬೀಳುವಂತೆ ಹಿಡಿದರೆ 'ಕೈ ಇಡಿ' ಎಂಬ ಕಿರಿಕಿರಿ ಇರುವುದಿಲ್ಲ. 80 ದಾಟಿದ ಮೇಲೆ ಆಗಾಗ ಬರುವ ಬೀಪ್ ಅಡಾಸ್‌ದಲ್ಲ. 2019ರ ಜುಲೈನಿಂದ ಎಲ್ಲಾ ಹೊಸ ಕಾರುಗಳಿಗೂ ಕಡ್ಡಾಯವಾದ ವೇಗದ ಎಚ್ಚರಿಕೆ ಅದು, ಆಫ್ ಮಾಡಲು ಬಟನ್ ಹುಡುಕಬೇಡಿ.

ಇಲ್ಲಿಯವರೆಗೆ ಓದಿ 'ಹಾಗಾದರೆ ಅಡಾಸ್ ದುಡ್ಡು ದಂಡ' ಎಂದುಕೊಂಡಿದ್ದರೆ ತಡೆಯಿರಿ. ಈ ಕಾರಿನಲ್ಲಿ ಮನಸ್ಸು ಗೆದ್ದದ್ದು ಜಾಹೀರಾತಿನಲ್ಲಿ ಮುಂದೆ ನಿಲ್ಲುವ ಸ್ಟಿಯರಿಂಗ್, ಬ್ರೇಕ್‌ಗಳಲ್ಲ, ಪಕ್ಕದಲ್ಲಿ ಮತ್ತು ಹಿಂದಿನ ಮೂಲೆಗಳಲ್ಲಿ ಸದ್ದಿಲ್ಲದೆ ದುಡಿಯುವ ಕಣ್ಣುಗಳು.

ಎಡ ಇಂಡಿಕೇಟರ್ ಹಾಕಿ. ಮೀಟರ್‌ನ ಡಯಲ್ ಇದ್ದ ಜಾಗದಲ್ಲಿ ಎಡಗನ್ನಡಿಯ ಕೆಳಗಿನ ಕ್ಯಾಮೆರಾದ ಚಿತ್ರ ಮೂಡುತ್ತದೆ. ಕನ್ನಡಿಯಲ್ಲಿ ಕಾಣದ, ಹಿಂಬಾಗಿಲಿನ ಪಕ್ಕಕ್ಕೆ ಅಂಟಿ ಬರುವ ಸ್ಕೂಟರು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಡತಿರುವಿನಲ್ಲಿ ಒಳಗಿನಿಂದ ನುಗ್ಗುವ ದ್ವಿಚಕ್ರ ಸವಾರರೇ ನಮ್ಮ ಊರುಗಳ ದೊಡ್ಡ ಆತಂಕ. ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಈ ಬೆಲೆಯ ಕಾರಿನಲ್ಲಿ ನಿರೀಕ್ಷಿಸಿರಲಿಲ್ಲ. ಚಿತ್ರ ಬರಬೇಕೆಂದರೆ ಇಂಡಿಕೇಟರ್ ಹಾಕಲೇಬೇಕಲ್ಲ, ಹಾಗಾಗಿ ಇಂಡಿಕೇಟರ್ ಹಾಕದವರಿಗೂ ಅಭ್ಯಾಸವಾಗಿಬಿಡುತ್ತದೆ. ಆಗ ಮೇಲೆ ಹೇಳಿದ ಲೇನ್ ಜಗ್ಗಾಟವೂ ಕಡಿಮೆ.

ಇನ್ನೊಂದು ಸೇಫ್ ಎಕ್ಸಿಟ್ ವಾರ್ನಿಂಗ್. ಶಾಲೆಯ ಮುಂದೆ ಕಾರು ನಿಲ್ಲಿಸಿದ ತಕ್ಷಣ ಮಕ್ಕಳು ರಸ್ತೆ ಕಡೆಯ ಬಾಗಿಲು ತೆರೆಯುತ್ತಾರೆ, ಹಿಂದಿನಿಂದ ಬೈಕು ಬರುತ್ತಿರುತ್ತದೆ. ಹಿಂದಿನ ರೇಡಾರ್ ಅದನ್ನು ನೋಡಿ ಬಾಗಿಲು ತೆರೆಯುವಾಗ ಎಚ್ಚರಿಸುತ್ತದೆ. ಬಾಗಿಲನ್ನು ತಡೆದು ನಿಲ್ಲಿಸುವುದಿಲ್ಲ, ಆದ್ದರಿಂದ ಹಿಂಬಾಗಿಲಿನ ಚೈಲ್ಡ್ ಲಾಕ್ ಬಿಡಬೇಡಿ. ಮೂರನೆಯದು ರಿವರ್ಸ್‌ನಲ್ಲಿ ಗೇಟಿನಿಂದ ಹೊರಬರುವಾಗ. ಎರಡೂ ಕಡೆ ಕಾಂಪೌಂಡ್ ಗೋಡೆ ಇದ್ದು ರಸ್ತೆ ಕಾಣದಿದ್ದಾಗ, ಕಾರಿನ ಹಿಂಭಾಗ ಗೋಡೆಯಿಂದ ಸ್ವಲ್ಪ ಹೊರಗೆ ಬಂದ ಕೂಡಲೇ ಅಡ್ಡ ಬರುವ ವಾಹನದ ಸುಳಿವು ಸಿಗುತ್ತದೆ. ಆದಷ್ಟು ನಿಧಾನವಾಗಿ, ಗಂಟೆಗೆ 8 ಕಿ.ಮೀ. ಒಳಗೆ ಹಿಂದೆ ಬಂದರೆ ಮಾತ್ರ ಇದು ಕೆಲಸ ಮಾಡುತ್ತದೆ.

ಇಷ್ಟೆಲ್ಲಾ ಕಣ್ಣುಗಳಿದ್ದ ಮೇಲೆ ಅವನ್ನು ಒರೆಸಬೇಕು. ಬೆಳಿಗ್ಗೆ ಕಾರು ತೆಗೆಯುವ ಮುನ್ನ ಒಂದು ಒದ್ದೆ ಮೈಕ್ರೋಫೈಬರ್ ಬಟ್ಟೆ, ಎರಡು ನಿಮಿಷ. ಮೊದಲು ಸುತ್ತಲಿನ ನೋಟ ತೋರಿಸುವ, ಮುಂದಿನ ಗ್ರಿಲ್‌ನ ಕ್ಯಾಮೆರಾ, ಆಮೇಲೆ ಎರಡೂ ಕನ್ನಡಿಗಳ ಅಡಿಯ ಪುಟ್ಟ ಮಸೂರಗಳು, ನಂಬರ್ ಪ್ಲೇಟ್ ಮೇಲಿನ ಹಿಂದಿನ ಕ್ಯಾಮೆರಾ, ಕೊನೆಗೆ ಬಂಪರ್‌ನ ರೇಡಾರ್ ಮುಚ್ಚಳ. ಕ್ರಮ ಮುಖ್ಯ, ಏಕೆಂದರೆ ರೇಡಾರ್ ಮುಚ್ಚಳಕ್ಕೆ ಅಂಟಿದ ಮಣ್ಣಿನಲ್ಲಿ ಸಣ್ಣ ಕಲ್ಲಿನ ಚೂರುಗಳಿರುತ್ತವೆ. ಅದೇ ಬಟ್ಟೆಯಲ್ಲಿ ಮಸೂರ ಒರೆಸಿದರೆ ಗೀರು ಬೀಳುತ್ತದೆ. ಮಲೆನಾಡಿನ ಕೆಸರಲ್ಲಿ ಓಡಿಸಿ ಮೂರು ದಿನ ಒರೆಸದಿದ್ದರೆ ರೇಡಾರ್ ಮುಚ್ಚಿಹೋಗಿದೆ ಎಂಬ ಸಂದೇಶ ಬಂದು ಕ್ರೂಸ್, ತಾನಾಗಿ ಬೀಳುವ ಬ್ರೇಕ್ ಎರಡೂ ರಜೆ ಹಾಕುತ್ತವೆ. ಕೆಟ್ಟುಹೋಯಿತೆಂದು ಸರ್ವಿಸ್ ಸೆಂಟರ್‌ಗೆ ಓಡುವ ಮುಂಚೆ ನೀರು ಹಾಕಿ ಒರೆಸಿ, ಕಾರು ಆಫ್ ಮಾಡಿ ಆನ್ ಮಾಡಿ ನೋಡಿ. ಚಾರ್ಮಾಡಿಯಂಥ ಘಾಟಿಯಲ್ಲಿ ಮಂಜು ಕವಿದು ಗಾಜು ಒಳಗಿನಿಂದ ಮಸುಕಾದರೆ ಕ್ಯಾಮೆರಾವೂ ಕುರುಡಾಗುತ್ತದೆ. ಎಸಿ ಆನ್ ಇಟ್ಟು ಮುಂಗಾಜಿನ ಡಿಫಾಗ್ ಒತ್ತಿ.

ಆಯುಧ ಪೂಜೆಯ ದಿನ ಒಂದು ವಿಶೇಷ ಎಚ್ಚರಿಕೆ. ಬಾಳೆಕಂದು, ಚೆಂಡುಹೂವಿನ ಹಾರವನ್ನು ಗ್ರಿಲ್‌ಗೆ ಅಡ್ಡವಾಗಿ ಕಟ್ಟಿದರೆ ರೇಡಾರ್, ಕ್ಯಾಮೆರಾ ಎರಡೂ ಮರೆಯಾಗುತ್ತವೆ. ಹಾರ ಬಾನೆಟ್ ಮೇಲಿರಲಿ. ಗಾಜಿನ ನಡುನೆತ್ತಿಗೆ ವಿಭೂತಿ, ಕುಂಕುಮ ಬಳಿಯಬೇಡಿ, ಅಲ್ಲೇ ಕ್ಯಾಮೆರಾ ಇರುವುದು. ಬಾನೆಟ್ ಮೇಲೆ ಬೊಟ್ಟಿಟ್ಟರೆ ಸಾಕು. ಫಾಸ್ಟ್ಯಾಗ್‌ನದ್ದೂ ಇದೇ ತೊಂದರೆ. ಷೋರೂಮ್‌ಗಳಲ್ಲಿ ಅವಸರದಲ್ಲಿ ಕನ್ನಡಿಯ ಹಿಂದೆ, ಕ್ಯಾಮೆರಾದ ದಾರಿಗೇ ಅಡ್ಡವಾಗಿ ಅಂಟಿಸುವುದುಂಟು. ಡೆಲಿವರಿ ದಿನ ಪಕ್ಕದಲ್ಲೇ ನಿಂತು ಕ್ಯಾಮೆರಾ ಕವಚದಿಂದ ಒಂದು ಗೇಣು ದೂರ ಅಂಟಿಸಿ ಎನ್ನಿ. ಡ್ಯಾಶ್‌ಕ್ಯಾಮ್ ಹಾಕಿಸುವವರಿಗೂ ಇದೇ ಮಾತು.

ಮುಂದಿನ ಗಾಜು ಒಡೆದು ಬದಲಾಯಿಸಿದರೆ ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದರೆ ಅದರ ನೋಟವನ್ನು ಅಳೆದು ಸರಿಹೊಂದಿಸುವ ಕೆಲಸ, ಆಗಲೇಬೇಕು. ಬಂಪರ್‌ಗೆ ಗುದ್ದು ಬಿದ್ದು ರೇಡಾರ್‌ನ ಬ್ರ್ಯಾಕೆಟ್ ಒಂದೆರಡು ಡಿಗ್ರಿ ವಾಲಿದರೂ ನೂರು ಮೀಟರ್ ಆಚೆ ಅದು ನೋಡುವುದು ಪಕ್ಕದ ಲೇನನ್ನು. ಹಿಂದಿನ ಬಂಪರ್ ಮೂಲೆಯ ಗೀರಿಗೆ ದಪ್ಪಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದರೆ ಒಳಗಿನ ರೇಡಾರ್ ಮಂಕಾಗುತ್ತದೆ. ಪಕ್ಕದ ಗ್ಯಾರೇಜ್‌ನಲ್ಲಿ ಅಗ್ಗಕ್ಕೆ ಟಚ್‌ಅಪ್ ಮಾಡಿಸುವ ಕಾಲ ಈ ಮೂಲೆಗಳ ಮಟ್ಟಿಗೆ ಮುಗಿಯಿತು. ಜಾಬ್ ಕಾರ್ಡ್‌ನಲ್ಲಿ 'ರೇಡಾರ್ ಮತ್ತು ಕ್ಯಾಮೆರಾ ಕ್ಯಾಲಿಬ್ರೇಷನ್' ಎಂದು ಬರೆಸಿ, ಇನ್ಶೂರೆನ್ಸ್ ಎಸ್ಟಿಮೇಟ್‌ನಲ್ಲೂ ಅದು ಸೇರಿದೆಯೇ ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. 1.5 ಡೀಸೆಲ್, 116 ಪಿಎಸ್, 250 ನ್ಯೂಟನ್ ಮೀಟರ್, ಆರು ಗೇರ್‌ನ ಆಟೋಮ್ಯಾಟಿಕ್: ಶಿರಾಡಿ ಏರುವಾಗ ಐದು ಜನ ಮತ್ತು ಲಗೇಜ್ ಇದ್ದರೂ ಉಸಿರುಗಟ್ಟುವುದಿಲ್ಲ. ಆದರೆ ದಿನಕ್ಕೆ ಶಾಲೆ, ಆಫೀಸು, ಮಾರುಕಟ್ಟೆ ಎಂದು ಐದಾರು ಕಿ.ಮೀ. ಮಾತ್ರ ಓಡಿಸುವವರಿಗೆ ಡೀಸೆಲ್ ಬೇಡವೇ ಬೇಡ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ತುಂಬಿದಾಗ ಅದನ್ನು ಸುಟ್ಟು ಖಾಲಿ ಮಾಡಲು ಒಂದೇ ಸಮನೆ ಓಟ ಬೇಕು. ಎಚ್ಚರಿಕೆ ದೀಪ ಬಂದರೆ 60 ಕಿ.ಮೀ.ಗಿಂತ ಮೇಲೆ, ಎಂಜಿನ್ 1500ರಿಂದ 2500 ಆರ್‌ಪಿಎಂ ನಡುವೆ, ಸುಮಾರು 25 ನಿಮಿಷ ಹೆದ್ದಾರಿಯಲ್ಲಿ ಓಡಿಸಿ. ನಡುವೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಊರೊಳಗಿನವರಿಗೆ ಸಾದಾ 1.5 ಪೆಟ್ರೋಲ್ ನೆಮ್ಮದಿ.

ಡಿಕ್ಕಿ 433 ಲೀಟರ್, ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ತರುವ ಮನೆಗೆ ಸಾಕು. ಸ್ಟೆಪ್ನಿ ಅದರ ನೆಲದಡಿ ಇರುವುದರಿಂದ ಪಂಕ್ಚರ್ ಆದರೆ ಅಷ್ಟನ್ನೂ ಇಳಿಸಬೇಕು. ಕಾರಿನಲ್ಲೇ ಟೈರ್ ಒತ್ತಡ ತೋರಿಸುವ ವ್ಯವಸ್ಥೆ ಇದೆ, ಜೊತೆಗೆ ಒಂದು 12 ವೋಲ್ಟ್ ಗಾಳಿ ಪಂಪ್ ಮುಂದಿನ ಸೀಟಿನಡಿ ಇಟ್ಟುಕೊಂಡರೆ ನಿಧಾನಕ್ಕೆ ಇಳಿಯುವ ಪಂಕ್ಚರ್‌ನಲ್ಲಿ ಮುಂದಿನ ಊರಿನವರೆಗೆ ಹೋಗಬಹುದು. ಹಿಂದಿನ ಸೀಟು ಎರಡು ಹಂತದಲ್ಲಿ ಒರಗುತ್ತದೆ, ಬಿಸಿಲಿಗೆ ಕಿಟಕಿ ಪರದೆ ಇದೆ. ಅಜ್ಜ ಅಜ್ಜಿಯರಿಗೆ ಹಿತ.

ಬೆಲೆಯ ಲೆಕ್ಕ ಹೀಗೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದವರೆಗಿನ ಕಾರಿಗೆ ಜೀವಾವಧಿ ರಸ್ತೆ ತೆರಿಗೆ ಶೇ 17, ಮೇಲೆ ಸೆಸ್. ಅಂದರೆ ಮೇಲಿನ ವೇರಿಯಂಟ್‌ಗೆ ಒಂದು ಲಕ್ಷ ಹೆಚ್ಚು ಕೊಟ್ಟರೆ ತೆರಿಗೆಯೇ 17 ಸಾವಿರ ಹೆಚ್ಚು. 2024ರಲ್ಲಿ ಬಿಡುಗಡೆಯಾದಾಗ ಅಡಾಸ್ ಇದ್ದದ್ದು ಎಸ್‌ಎಕ್ಸ್ ಟೆಕ್ ಮತ್ತು ಎಸ್‌ಎಕ್ಸ್ (ಒ) ವೇರಿಯಂಟ್‌ಗಳಲ್ಲಿ. ಆರು ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಮಾತ್ರ ಕೆಳಗಿನ ವೇರಿಯಂಟ್‌ನಿಂದಲೇ ಇವೆ. ತಿಂಗಳಿಗೆ ಒಂದೆರಡು ಸಲವಾದರೂ ಹೆದ್ದಾರಿ ಹಿಡಿಯುವವರು, ದೊಡ್ಡ ನಗರದ ಸ್ಕೂಟರ್ ಹಿಂಡಿನ ನಡುವೆ ದಿನವೂ ಓಡಿಸುವವರು ಆ ಹೆಚ್ಚಿನ ದುಡ್ಡು ಕೊಡಿ. ಚಿಕ್ಕ ಊರಿನಲ್ಲಿ, ಗೆರೆಯಿಲ್ಲದ ರಸ್ತೆಗಳಲ್ಲೇ ಓಡಿಸುವವರು ಎಸ್ (ಒ) ತೆಗೆದುಕೊಂಡು ಉಳಿದ ಹಣದಲ್ಲಿ ಒಳ್ಳೆಯ ಟೈರ್ ಮತ್ತು ಬಿಡಿಭಾಗಗಳ ಸವಕಳಿ ಕಳೆಯದ ಝೀರೋ ಡೆಪ್ರಿಸಿಯೇಷನ್ ಇನ್ಶೂರೆನ್ಸ್ ಹಾಕಿಸಿ.

ಟೆಸ್ಟ್ ಡ್ರೈವ್‌ಗೆ ಹೋದಾಗ ಷೋರೂಮ್ ಸುತ್ತಲಿನ ನುಣುಪು ರಸ್ತೆಯಲ್ಲೇ ಸುತ್ತು ಹಾಕಿ ಬರಬೇಡಿ. ಸಂಜೆ ಆರರ ಹೊತ್ತಿಗೆ, ಮನೆಯವರನ್ನೂ ಕೂರಿಸಿಕೊಂಡು, ನಿಮ್ಮ ಮನೆಯ ಗೇಟಿನವರೆಗೆ ತನ್ನಿ. ರಿವರ್ಸ್‌ನಲ್ಲಿ ಒಳಗೆ ಹಾಕಿ, ಹೊರಗೆ ತೆಗೆಯಿರಿ. ಎಡ ಇಂಡಿಕೇಟರ್ ಹಾಕಿ ಮೀಟರ್ ನೋಡಿ. ಆಮೇಲೆ ವೇರಿಯಂಟ್ ಮಾತಾಡಿ.