ಪ್ಯಾಡ್ ಬದಲಿಸುತ್ತಲೇ ಇದ್ದೆ, ಕೆಟ್ಟಿದ್ದು ಪಿನ್

ನಿಮ್ಮ ಕಾರಿನ ಬ್ರೇಕ್ ಪ್ಯಾಡ್ ಹೋದ ಸಲಕ್ಕಿಂತ ಬೇಗ ಸವೆದಿದೆ ಅನ್ನಿಸಿದರೆ, ಹೊಸದು ಹಾಕಿಸುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು ಸುಮ್ಮನೆ ಹಾಕಿಸಿಕೊಂಡು ಬಂದೆ, ಒಂದಲ್ಲ ಎರಡು ಸಲ. ಎರಡನೆಯ ಸಲದ ತಪ್ಪಿಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಪೆಡಲ್ ಕಾಲಡಿಯಲ್ಲಿ ಕುಸಿಯಿತು.

ಕಾರಿನ ಜೊತೆ ಬಂದ ಮುಂದಿನ ಪ್ಯಾಡ್‌ಗಳು 42 ಸಾವಿರ ಕಿಲೋಮೀಟರ್ ಬಾಳಿದವು. ಆಮೇಲೆ ಹಾಕಿಸಿದ ಸೆಟ್ 11 ಸಾವಿರಕ್ಕೇ ಮುಗಿದಿತ್ತು. ಓಡಿಸುವವನು ನಾನೇ, ದಾರಿಯೂ ಅದೇ. ಗ್ಯಾರೇಜಿನಲ್ಲಿ ಕೇಳಿದರೆ, "ನೀವು ಬ್ರೇಕ್ ಮೇಲೇ ಕಾಲಿಟ್ಕೊಂಡು ಓಡಿಸ್ತೀರಿ ಸಾರ್" ಅಂದರು. ನಂಬಿದೆ. ದೂರದಿಂದಲೇ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡುವುದನ್ನು ರೂಢಿಸಿಕೊಂಡೆ. ಆದರೂ ಮೂರನೆಯ ಸೆಟ್ 7 ಸಾವಿರ ದಾಟಲಿಲ್ಲ. ಈ ನಡುವೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು, ಮೈಲೇಜ್ ಇಳಿದಿತ್ತು, ಎಡಗಡೆಯ ಮುಂದಿನ ರಿಮ್ ಮಾತ್ರ ಕಪ್ಪು ಪುಡಿ ಹಿಡಿದು ಮಾಸುತ್ತಿತ್ತು. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ನಾನು ಬೇರೆ ಬೇರೆಯಾಗಿ ನೋಡಿ ಬಿಟ್ಟೆ.

ಆ ದಿನ ಇಳಿಜಾರಿನಲ್ಲಿ ಮೊದಲು ಸುಟ್ಟ ವಾಸನೆ ಬಂತು, ಮುಂದೆ ಹೋಗುತ್ತಿದ್ದ ಲಾರಿಯದು ಅಂದುಕೊಂಡೆ. ನಂತರ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಗೇರ್ ಇಳಿಸಿ, ಪೆಡಲನ್ನು ಮತ್ತೆ ಮತ್ತೆ ಒತ್ತಿ, ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಇಳಿದು ನೋಡಿದರೆ ಎಡಚಕ್ರದ ಝಳ ಒಂದು ಅಡಿ ದೂರಕ್ಕೇ ಮುಖಕ್ಕೆ ಹೊಡೆಯುತ್ತಿತ್ತು. ಬಲಚಕ್ರ ಮುಟ್ಟುವಷ್ಟು ತಣ್ಣಗಿತ್ತು. ಇಂಥ ಹೊತ್ತಿನಲ್ಲಿ ಚಕ್ರ ಮುಟ್ಟಬೇಡಿ, ನೀರು ಸುರಿಯಲೂ ಬೇಡಿ, ಕಾದ ಡಿಸ್ಕ್ (ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ತಟ್ಟೆ) ಬಿರುಕು ಬಿಡಬಹುದು. ಪೆಡಲ್ ಕುಸಿದದ್ದು ಬ್ರೇಕ್ ಆಯಿಲ್ ಕುದಿದು ಆವಿಯಾಗಿದ್ದರಿಂದ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳತಾದಂತೆ ಕುದಿಯುವ ಮಟ್ಟ ಇಳಿಯುತ್ತ ಬರುತ್ತದೆ. ನನ್ನದನ್ನು ಬದಲಿಸಿ ನಾಲ್ಕು ವರ್ಷವಾಗಿತ್ತು.

ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು. ಅವರು ಹೊಸ ಪ್ಯಾಡ್ ಮಾತೇ ಎತ್ತಲಿಲ್ಲ. ಮುಂದಿನ ಒಂದೊಂದು ಚಕ್ರಕ್ಕೆ ಡಿಸ್ಕಿನ ಒಳಗೊಂದು ಹೊರಗೊಂದು ಪ್ಯಾಡ್. ಬಿಚ್ಚಿದ ನಾಲ್ಕನ್ನೂ ಒಂದು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟರು. ಬಲಗಡೆಯ ಎರಡೂ ಸಮವಾಗಿ 7 ಮಿಲಿಮೀಟರ್ ಉಳಿದಿದ್ದವು. ಎಡಗಡೆಯ ಹೊರಗಿನದು ಹೆಚ್ಚು ಕಡಿಮೆ ಹೊಸದರಂತೆಯೇ ಇತ್ತು. ಒಳಗಿನದು ಮಾತ್ರ ಬಾಗಿಲಿಗೆ ಕೊಡುವ ಬೆಣೆಯಂತೆ ಓರೆಯಾಗಿ ಸವೆದು, ಕೆಳತುದಿಯಲ್ಲಿ ಬರೀ ತಗಡು ಉಳಿದಿತ್ತು. ಸವೆದಾಗ ಕಿರುಗುಟ್ಟಬೇಕಾದ ಪಟ್ಟಿ ನನ್ನ ಗಾಡಿಯ ಪ್ಯಾಡಿನಲ್ಲಿ ಮೇಲ್ತುದಿಯಲ್ಲಿದೆ. ಅಲ್ಲಿ ಇನ್ನೂ ಮಾಲು ಇದ್ದುದರಿಂದ ಅದು ಸದ್ದೇ ಮಾಡಿರಲಿಲ್ಲ.

"ಇಲ್ಲೇ ಬರ್ದಿದೆ ನೋಡಿ" ಅಂದರು. ನನ್ನ ಗಾಡಿಯಂಥ ಸಾಮಾನ್ಯ ಕಾರುಗಳಲ್ಲಿ ಆಯಿಲ್ ಒತ್ತಡಕ್ಕೆ ಮುಂದೆ ಬಂದು ಪ್ಯಾಡ್ ತಳ್ಳುವ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಕ್ಯಾಲಿಪರ್, ಅಂದರೆ ಪಿಸ್ಟನ್ನನ್ನು ಹೊತ್ತು ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಭಾಗ, ತಾನೇ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತಬೇಕು. ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಅತ್ತಿತ್ತ ಸರಿಯುವುದಿಲ್ಲ. ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ, ಕಾಲು ತೆಗೆದ ಮೇಲೂ ಅದು ಉಜ್ಜುತ್ತಲೇ ಇರುತ್ತದೆ.

ಮೇಲಿನ ಪಿನ್ ಬೆರಳಲ್ಲೇ ಸರಾಗವಾಗಿ ಬಂತು. ಕೆಳಗಿನದನ್ನು ತೆಗೆಯಲು ಸ್ಪ್ಯಾನರ್ ಹಾಕಿ ತಿರುಚಿ ತಿರುಚಿ ಅರ್ಧ ಗಂಟೆ ಹೆಣಗಿದರು. ಅದರ ತುದಿಯ ರಬ್ಬರ್ ತೋಳು ಉಬ್ಬಿ, ಅಂಟಂಟಾಗಿ, ತೂತಿನಲ್ಲಿ ಕಚ್ಚಿಕೊಂಡಿತ್ತು. ಸುತ್ತ ಕಂದು ಬಣ್ಣದ ಮಾಮೂಲಿ ಗ್ರೀಸ್. ಮೊದಲ ಸಲ ಪ್ಯಾಡ್ ಬದಲಿಸಿದಾಗ ಯಾರೋ ಕೈಗೆ ಸಿಕ್ಕ ಬೇರಿಂಗ್ ಗ್ರೀಸ್ ಬಳಿದಿದ್ದರು. ಪೆಟ್ರೋಲಿಯಂ ಗ್ರೀಸ್ ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ. ಅಲ್ಲಿಗೆ ಹಾಕಬೇಕಾದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ಅದೂ ತೆಳುವಾಗಿ. ಅಂದರೆ ನನ್ನ ಕಾಲಿನದಲ್ಲ, ಆ ಕೈಯ ತಪ್ಪು. ಎರಡನೆಯ ಸಲ ಬಿಚ್ಚಿದಾಗಲಾದರೂ ಪಿನ್ ಅಲ್ಲಾಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅದಕ್ಕೇ ನನಗೆ ಇವತ್ತಿಗೂ ಸಿಟ್ಟು.

ಪಿನ್, ಅದನ್ನು ಮುಚ್ಚುವ ರಬ್ಬರ್ ಬೂಟು ಹೊಸದು ಹಾಕಿದರು. ರಬ್ಬರ್ ತೋಳಿರುವ ಪಿನ್ ಯಾವ ತೂತಿನದೋ ಅಲ್ಲಿಗೇ ಹೋಗಬೇಕು, ಅದಲು ಬದಲಾಗಬಾರದು. ಡಿಸ್ಕ್ ಅದರ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿತ್ತು, ಹಾಗಾಗಿ ಎರಡೂ ಕಡೆ ಬದಲಾಯಿತು. ಹಳೆ ಆಯಿಲ್ ಪೂರ್ತಿ ತೆಗೆದು ಬ್ಲೀಡ್ ಮಾಡಿದರು, ಅಂದರೆ ಒಳಗಿನ ಗಾಳಿ ಹೊರಗೆ ತೆಗೆದರು. ಕೆಲಸ ಮಾಡುವಾಗ ಕ್ಯಾಲಿಪರನ್ನು ತಂತಿಯಿಂದ ಮೇಲೆ ಕಟ್ಟಿದ್ದರು. ಹಿಂದಿನ ಗ್ಯಾರೇಜಿನಲ್ಲಿ ಅದು ಬ್ರೇಕ್ ಆಯಿಲ್ ಬರುವ ರಬ್ಬರ್ ಹೋಸ್‌ನಲ್ಲೇ ಜೋತಾಡುತ್ತಿದ್ದುದನ್ನು ನಾನೇ ಕಂಡಿದ್ದೆ. ಹಾಗೆ ನೇತುಬಿಟ್ಟರೆ ಹೋಸ್ ಒಳಪದರ ಹರಿದು, ಒತ್ತಿದ ಆಯಿಲ್ ವಾಪಸ್ ಬರದಂತಾಗಬಹುದು.

ನಿಮ್ಮಲ್ಲಿ ಒಂದೇ ಚಕ್ರದ ಎರಡೂ ಪ್ಯಾಡ್ ಸವೆದಿದ್ದರೆ ಪಿಸ್ಟನ್ ಅಥವಾ ಆ ಹೋಸನ್ನು ನೋಡಿಸಿ. ಚಕ್ರ ಎತ್ತಿ ತಿರುಗಿಸಿದಾಗ ಬಿಗಿಯಾಗಿದ್ದು, ಕ್ಯಾಲಿಪರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿದ ಕೂಡಲೇ ಬಿಟ್ಟುಕೊಂಡರೆ ಆಯಿಲ್ ಒತ್ತಡ ಒಳಗೆ ಸಿಕ್ಕಿಬಿದ್ದಿದೆ. ಆಗಲೂ ಬಿಡದಿದ್ದರೆ ಪಿನ್ನೋ ಪಿಸ್ಟನ್ನೋ ಜಾಮ್ ಆಗಿದೆ. ಹಿಂದಿನವು ಮಾತ್ರ ಬೇಗ ಸವೆಯುತ್ತಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ನೋಡಿಸಿ. ಬ್ಲೀಡ್ ಸ್ಕ್ರೂವನ್ನು ಗೊತ್ತಿಲ್ಲದವರು ಮುಟ್ಟಬೇಡಿ, ಗಾಳಿ ಹೊಕ್ಕರೆ ಬ್ರೇಕೇ ಹೋಗುತ್ತದೆ. ಆದರೆ ಪರೀಕ್ಷೆ ನಿಮ್ಮೆದುರಿಗೇ ನಡೆಯಲಿ. ಹಳೆ ಪ್ಯಾಡ್ ನಾಲ್ಕನ್ನೂ, ಯಾವುದು ಯಾವ ಕಡೆಯದೆಂದು ಗುರುತು ಹಾಕಿಸಿ, ಕೈಗೆ ತೆಗೆದುಕೊಳ್ಳಿ. ನನ್ನ ಎರಡನೆಯ ಸೆಟ್ ನಾನು ನೋಡುವ ಮೊದಲೇ ಗುಜರಿ ಡಬ್ಬಿ ಸೇರಿತ್ತು.

ಈಗಿನ ಸೆಟ್ 14 ಸಾವಿರ ಓಡಿದೆ. ಹೋದ ವಾರ ಚಕ್ರ ಬಿಚ್ಚಿಸಿ ಅಳೆಸಿದೆ. ಎಡಗಡೆ ಒಳಗಿನದು ಏಳೂವರೆ ಮಿಲಿಮೀಟರ್, ಹೊರಗಿನದು ಎಂಟು. ಪಿನ್ ಎರಡನ್ನೂ ನಾನೇ ಬೆರಳಲ್ಲಿ ತಳ್ಳಿ ನೋಡಿದೆ, ಸರಾಗವಾಗಿ ಜಾರಿದವು.